ಬಾಸ್ಟನ್ನಿನ ಮೂರನೆಯ ಧ್ವಜಸ್ತಂಭ: ಲಿಬರ್ಟಿ ಕೌನ್ಸೆಲ್ ಗೆದ್ದ ಒಂದು ಮೊಕದ್ದಮೆಯ ಅಧ್ಯಯನ

ಅಮೆರಿಕದ ಸುಪ್ರೀಂ ಕೋರ್ಟ್ 2022ರ ಮೇ 2ರಂದು ‘ಶರ್ಟ್‌ಲೆಫ್ ವಿರುದ್ಧ ಬಾಸ್ಟನ್ ನಗರ’ ಪ್ರಕರಣದ ತೀರ್ಪು ಕೊಟ್ಟಿತು. ಧರ್ಮ ಮತ್ತು ಸರ್ಕಾರದ ಸಂಬಂಧದ ಪ್ರಶ್ನೆ ಬಂದಾಗ ಅನೇಕ ಸಲ ಎರಡು ಬಣಗಳಾಗಿ ಒಡೆಯುವ ಆ ನ್ಯಾಯಪೀಠದ ಒಂಬತ್ತೂ ಮಂದಿ ಈ ಬಾರಿ ಒಂದೇ ಫಲಿತಾಂಶಕ್ಕೆ ಬಂದರು: ನಗರದ ಸಭಾಭವನದ ಮುಂದಿನ ಕಂಬದಲ್ಲಿ ಕ್ರೈಸ್ತ ಬಾವುಟ ಹಾರಿಸಲು ಅನುಮತಿ ನಿರಾಕರಿಸಿದ್ದು ಅರ್ಜಿದಾರರ ವಾಕ್ ಸ್ವಾತಂತ್ರ್ಯದ ಉಲ್ಲಂಘನೆ. ಅರ್ಜಿದಾರರ ಪರವಾಗಿ ವಾದಿಸಿದ್ದು ಲಿಬರ್ಟಿ ಕೌನ್ಸೆಲ್ ಎಂಬ ಸಂಪ್ರದಾಯವಾದಿ ಕ್ರೈಸ್ತ ವಕೀಲ ಸಂಸ್ಥೆ. ಇದನ್ನು ಧಾರ್ಮಿಕ ಸ್ವಾತಂತ್ರ್ಯದ ಮಹಾವಿಜಯವೆಂದು ಆ ಸಂಸ್ಥೆ ಸಾರಿತು. ತೀರ್ಪನ್ನೂ ಅದಕ್ಕೆ ಮೊದಲು ಕೆಳ ನ್ಯಾಯಾಲಯಗಳು ಬರೆದದ್ದನ್ನೂ ಒಟ್ಟಿಗಿಟ್ಟು ಓದಿದರೆ ನನಗೆ ಕಾಣುವುದು ಬೇರೆ. ಬಾಸ್ಟನ್ ನಗರ ಸೋತದ್ದು ಧರ್ಮದ ಎದುರಿಗಲ್ಲ, ಹನ್ನೆರಡು ವರ್ಷ ಒಂದು ನಿಯಮವನ್ನೂ ಬರೆದಿಡದೆ ಅನುಮತಿ ಕೊಡುತ್ತಾ ಬಂದ ತನ್ನದೇ ರೂಢಿಯ ಎದುರಿಗೆ. ಆ ಸಡಿಲು ಜಾಗವನ್ನು ಗುರುತಿಸಿ ಹಿಡಿದದ್ದರಲ್ಲಿ ವಕೀಲರ ಜಾಣ್ಮೆ ಇದೆ.

ಸಂಸ್ಥೆಯ ಹಿನ್ನೆಲೆ

ಮ್ಯಾಥ್ಯೂ ಸ್ಟೇವರ್ ಮತ್ತು ಅವರ ಪತ್ನಿ ಅನಿಟಾ ಸ್ಟೇವರ್ 1989ರಲ್ಲಿ ಫ್ಲಾರಿಡಾದಲ್ಲಿ ಲಿಬರ್ಟಿ ಕೌನ್ಸೆಲ್ ಸ್ಥಾಪಿಸಿದರು. ವಕೀಲಿ ವೃತ್ತಿಗೆ ಬರುವ ಮುನ್ನ ಸ್ಟೇವರ್ ಚರ್ಚಿನ ಪಾದ್ರಿಯಾಗಿದ್ದವರು. ಮುಂದೆ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿರುವ ಲಿಬರ್ಟಿ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಡೀನ್ ಕೂಡ ಆದರು. ಇಂತಹ ಸಂಸ್ಥೆಗಳು ಕಕ್ಷಿದಾರರಿಂದ ಫೀಸು ಪಡೆಯುವುದಿಲ್ಲ. ದೇಣಿಗೆಯೇ ಅವುಗಳ ಆಧಾರ, ಆ ದೇಣಿಗೆಗೆ ತೆರಿಗೆ ವಿನಾಯಿತಿಯೂ ಉಂಟು. ಇದಲ್ಲದೆ, ನಾಗರಿಕ ಹಕ್ಕುಗಳ ಮೊಕದ್ದಮೆಯಲ್ಲಿ ಸರ್ಕಾರ ಸೋತರೆ ಗೆದ್ದವರ ವಕೀಲರ ಫೀಸನ್ನೂ ನ್ಯಾಯಾಲಯ ಅದರಿಂದಲೇ ಕೊಡಿಸಬಹುದೆಂದು 1976ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾಯಿದೆ ಮಾಡಿದೆ. ವರ್ಣಭೇದದ ವಿರುದ್ಧ ಹೋರಾಡುವ ಬಡವರಿಗೆ ವಕೀಲರು ಸಿಗಲಿ ಎಂಬ ಕಾಳಜಿಯಿಂದ ಹುಟ್ಟಿದ ಆ ಕಾಯಿದೆ ಇಂದು ಎಡ ಬಲ ಎರಡೂ ಕಡೆಯ ಹಿತಾಸಕ್ತಿ ಸಂಸ್ಥೆಗಳಿಗೆ ಆದಾಯದ ದಾರಿಯಾಗಿದೆ. ಬಾಸ್ಟನ್ನಿನ ಕಥೆಯ ಕೊನೆಯಲ್ಲಿ ಈ ಕಾಯಿದೆ ಮತ್ತೆ ಬರುತ್ತದೆ.

ಸಂಸ್ಥೆಯ ದಾಖಲೆ ಏರಿಳಿತದ್ದು. ಕೆಂಟಕಿ ರಾಜ್ಯದ ಎರಡು ಕೌಂಟಿಗಳು ತಮ್ಮ ನ್ಯಾಯಾಲಯದ ಕಟ್ಟಡಗಳಲ್ಲಿ ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ತೂಗುಹಾಕಿದ್ದಾಗ ಸುಪ್ರೀಂ ಕೋರ್ಟಿನಲ್ಲಿ ಅವುಗಳ ಪರ ವಾದಿಸಿದವರು ಸ್ಟೇವರ್. 2005ರಲ್ಲಿ ಐದು-ನಾಲ್ಕರ ಬಹುಮತದಿಂದ ಅವರು ಸೋತರು. ಸಲಿಂಗ ವಿವಾಹದ ಪರವಾನಗಿ ಕೊಡಲು ನಿರಾಕರಿಸಿ 2015ರಲ್ಲಿ ಕೆಲವು ದಿನ ಜೈಲಿನಲ್ಲಿದ್ದ ಕೆಂಟಕಿಯ ಕೌಂಟಿ ಕ್ಲರ್ಕ್ ಕಿಮ್ ಡೇವಿಸ್ ಅವರ ವಕೀಲರೂ ಇವರೇ. ಸದರ್ನ್ ಪಾವರ್ಟಿ ಲಾ ಸೆಂಟರ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಲಿಬರ್ಟಿ ಕೌನ್ಸೆಲನ್ನು ದ್ವೇಷ ಹರಡುವ ಗುಂಪುಗಳ ಪಟ್ಟಿಗೆ ಸೇರಿಸಿದೆ. ಲಿಬರ್ಟಿ ಕೌನ್ಸೆಲ್ ಈ ಹಣೆಪಟ್ಟಿಯನ್ನು ಕಟುವಾಗಿ ಅಲ್ಲಗಳೆದಿದೆ. ಇಂತಹ ಸಂಸ್ಥೆಯ ಕೈಗೆ ಬಂದ ಬಾವುಟದ ಮೊಕದ್ದಮೆಗೆ ಉದಾರವಾದಿಗಳ ಬೆಂಬಲವೂ ಸಿಕ್ಕಿತೆಂಬುದು ಈ ಪ್ರಕರಣದ ವಿಶೇಷ.

ಪ್ರಕರಣ ಹುಟ್ಟಿದ ಬಗೆ

ಬಾಸ್ಟನ್ ಸಿಟಿ ಹಾಲ್ ಮುಂದಿನ ವಿಶಾಲವಾದ ಬಯಲಿನಲ್ಲಿ 83 ಅಡಿ ಎತ್ತರದ ಮೂರು ಧ್ವಜಸ್ತಂಭಗಳಿವೆ. ಒಂದರಲ್ಲಿ ಅಮೆರಿಕದ ರಾಷ್ಟ್ರಧ್ವಜ, ಇನ್ನೊಂದರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಧ್ವಜ, ಮೂರನೆಯದರಲ್ಲಿ ಸಾಮಾನ್ಯವಾಗಿ ಬಾಸ್ಟನ್ ನಗರದ ಧ್ವಜ ಹಾರುತ್ತವೆ. ಬಯಲಿನಲ್ಲಿ ಸಮಾರಂಭ ಮಾಡುವ ಸಂಘಗಳು ಆ ಹೊತ್ತಿಗೆ ನಗರದ ಧ್ವಜವನ್ನಿಳಿಸಿ ತಮ್ಮ ಬಾವುಟ ಏರಿಸಲು 2005ರಿಂದ ನಗರ ಅವಕಾಶ ಕೊಟ್ಟಿತು. 2017ರವರೆಗೆ ಇಂತಹ 284 ಧ್ವಜಾರೋಹಣಗಳು ನಡೆದವು. ಏರಿದ ಬೇರೆ ಬೇರೆ ಬಾವುಟಗಳು ಸುಮಾರು 50. ಅವುಗಳಲ್ಲಿ ಹೆಚ್ಚಿನವು ವಲಸೆ ಬಂದವರ ತಾಯ್ನಾಡುಗಳ ರಾಷ್ಟ್ರಧ್ವಜಗಳು. ಊರು ಬಿಟ್ಟು ಬಂದವರಿಗೆ ತಮ್ಮ ನಾಡಿನ ಹಬ್ಬದ ದಿನ ನಗರದ ಮುಖ್ಯ ಕಟ್ಟಡದೆದುರು ತಮ್ಮ ಬಾವುಟ ಹಾರುವುದನ್ನು ನೋಡುವುದೆಂದರೆ ಏನೆಂಬುದನ್ನು ಹೊರನಾಡಿನಲ್ಲಿ ರಾಜ್ಯೋತ್ಸವ ಆಚರಿಸಿದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಉಳಿದವುಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಬಾವುಟ, ತುರ್ತುಸೇವೆಯ ಸಿಬ್ಬಂದಿಯ ಗೌರವಾರ್ಥದ ಬಾವುಟ, ಒಂದು ಸಹಕಾರಿ ಬ್ಯಾಂಕಿನ ಬಾವುಟವೂ ಇದ್ದವು. ಈ ಹನ್ನೆರಡು ವರ್ಷಗಳಲ್ಲಿ ನಗರ ಒಂದು ಕೋರಿಕೆಯನ್ನೂ ತಿರಸ್ಕರಿಸಿದ ದಾಖಲೆಯಿಲ್ಲ.

2017ರ ಜುಲೈನಲ್ಲಿ ಹೆರಾಲ್ಡ್ ಶರ್ಟ್‌ಲೆಫ್ ಎಂಬುವರು ಅರ್ಜಿ ಹಾಕಿದರು. ಅವರು ಕ್ಯಾಂಪ್ ಕಾನ್‌ಸ್ಟಿಟ್ಯೂಶನ್ ಎಂಬ ಸಂಘಟನೆಯ ನಿರ್ದೇಶಕರು. ಸಂವಿಧಾನ ದಿನವಾದ ಸೆಪ್ಟೆಂಬರ್ 17ರ ಸುಮಾರಿಗೆ ನಗರಕ್ಕೆ ಕ್ರೈಸ್ತ ಸಮುದಾಯ ನೀಡಿದ ಕೊಡುಗೆಯನ್ನು ಸ್ಮರಿಸುವ ಸಭೆ ನಡೆಸಿ, ಕೆಲ ಹೊತ್ತು ಕ್ರೈಸ್ತ ಬಾವುಟ ಹಾರಿಸಬೇಕೆಂಬುದು ಅವರ ಕೋರಿಕೆ. ಬಿಳಿ ಬಟ್ಟೆಯ ಮೂಲೆಯಲ್ಲಿ ನೀಲಿ ಚೌಕ, ಅದರೊಳಗೆ ಕೆಂಪು ಶಿಲುಬೆ ಇರುವ ಈ ಬಾವುಟದ ಕಲ್ಪನೆ ಹುಟ್ಟಿದ್ದು 1897ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನ ಒಂದು ಭಾನುವಾರದ ಶಾಲೆಯಲ್ಲಿ. ಅಮೆರಿಕದ ಅನೇಕ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಇಂದಿಗೂ ಅದನ್ನು ಕಾಣಬಹುದು. ನಗರದ ಆಸ್ತಿ ನಿರ್ವಹಣಾ ಇಲಾಖೆಯ ಆಯುಕ್ತರು ಹಿಂದಿನ ದಾಖಲೆ ತೆಗೆಸಿ ನೋಡಿದರು. ಧಾರ್ಮಿಕವೆಂದು ಗುರುತಿಸಿದ ಬಾವುಟವೊಂದು ಏರಿದ ಉದಾಹರಣೆ ಸಿಗಲಿಲ್ಲ. ಸರ್ಕಾರ ಯಾವುದೇ ಮತವನ್ನು ಅಧಿಕೃತಗೊಳಿಸಬಾರದೆಂದು ಸಂವಿಧಾನದ ಮೊದಲ ತಿದ್ದುಪಡಿ ವಿಧಿಸಿದ ನಿಷೇಧವನ್ನು ತಾವು ಮೀರಿದಂತಾಗುತ್ತದೆಂದು ಅವರು ಆತಂಕಪಟ್ಟು, ಸಭೆಗೆ ಅಡ್ಡಿಯಿಲ್ಲ, ಬಾವುಟ ಮಾತ್ರ ಏರಿಸುವಂತಿಲ್ಲ ಎಂದು ತಿಳಿಸಿದರು.

ಈ ಅಧಿಕಾರಿಯ ನಿರ್ಧಾರದಲ್ಲಿ ದ್ವೇಷವಿತ್ತೆಂದು ನನಗೆ ಅನ್ನಿಸುವುದಿಲ್ಲ. ನಿಯಮವಿಲ್ಲದ ಕಚೇರಿಯಲ್ಲಿ ಹೊಸ ಬಗೆಯ ಅರ್ಜಿಯೊಂದು ಬಂದಾಗ ಎಚ್ಚರಿಕೆಯ ಅಧಿಕಾರಿ ಹಿಂದಿನ ಕಡತ ತೆಗೆದು ನೋಡುತ್ತಾನೆ, ಅಲ್ಲಿ ಆಧಾರ ಸಿಗದಿದ್ದರೆ ಬೇಡವೆನ್ನುತ್ತಾನೆ. ಅವರು ಮಾಡಿದ್ದೂ ಅಷ್ಟೇ.

ಎರಡು ನ್ಯಾಯಾಲಯಗಳಲ್ಲಿ ಸೋಲು

2018ರ ಜುಲೈನಲ್ಲಿ ಲಿಬರ್ಟಿ ಕೌನ್ಸೆಲ್ ದಾವೆ ಹೂಡಿತು. ಜಿಲ್ಲಾ ನ್ಯಾಯಾಲಯ ಮೊದಲು ಮಧ್ಯಂತರ ಆದೇಶ ನಿರಾಕರಿಸಿತು, 2020ರಲ್ಲಿ ಅಂತಿಮವಾಗಿ ನಗರದ ಪರ ತೀರ್ಪಿತ್ತಿತು. ಬಾಸ್ಟನ್ನಿನಲ್ಲೇ ಇರುವ ಫಸ್ಟ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2021ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಎರಡೂ ನ್ಯಾಯಾಲಯಗಳ ತರ್ಕ ಸರಳ: ರಾಷ್ಟ್ರಧ್ವಜ ಮತ್ತು ರಾಜ್ಯಧ್ವಜಗಳ ಪಕ್ಕದಲ್ಲಿ, ಸಿಟಿ ಹಾಲ್ ಎದುರಿಗೆ ಹಾರುವ ಬಾವುಟ ನೋಡುವವರ ಕಣ್ಣಿಗೆ ನಗರದ ಮಾತಾಗಿಯೇ ಕಾಣುತ್ತದೆ, ತನ್ನ ಮಾತನ್ನು ತಾನೇ ಆರಿಸಿಕೊಳ್ಳುವ ಹಕ್ಕು ಸರ್ಕಾರಕ್ಕಿದೆ, ಆದ್ದರಿಂದ ಯಾವ ಬಾವುಟ ಬೇಡವೆನ್ನುವುದೂ ಅದರ ಹಕ್ಕು.

ಈ ತರ್ಕಕ್ಕೆ ಆಧಾರವಿಲ್ಲದಿರಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ನಿಲ್ಲಿಸಿದ ಶಾಶ್ವತ ಸ್ಮಾರಕ ಸರ್ಕಾರದ ಮಾತೇ ಎಂದು 2009ರಲ್ಲೂ, ವಾಹನದ ನಂಬರ್ ಪ್ಲೇಟಿನ ವಿನ್ಯಾಸವೂ ಸರ್ಕಾರದ ಮಾತೇ ಎಂದು 2015ರ ಟೆಕ್ಸಸ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿತ್ತು. ನಂಬರ್ ಪ್ಲೇಟು ಸರ್ಕಾರದ ಮಾತಾದರೆ ಸಿಟಿ ಹಾಲ್ ಮುಂದಿನ ಧ್ವಜಸ್ತಂಭ ಹೇಗೆ ಅಲ್ಲ ಎಂಬ ಪ್ರಶ್ನೆ ಕೆಳ ನ್ಯಾಯಾಲಯಗಳ ಮುಂದಿತ್ತು, ಅದು ಯೋಗ್ಯವಾದ ಪ್ರಶ್ನೆಯೇ.

ಅರ್ಜಿ ನಮೂನೆಯಲ್ಲಿದ್ದ ಎರಡು ಪದಗಳು

ಲಿಬರ್ಟಿ ಕೌನ್ಸೆಲ್ ತನ್ನ ವಾದವನ್ನು ಧರ್ಮದ ಮೇಲೆ ಕಟ್ಟಲಿಲ್ಲ. ಅದು ಕೈಗೆತ್ತಿಕೊಂಡದ್ದು ನಗರದ ಅರ್ಜಿ ನಮೂನೆಯನ್ನು. ನಗರದ ‘ಸಾರ್ವಜನಿಕ ವೇದಿಕೆ’ಗಳನ್ನು ಬಳಸಲು ಬಯಸುವ ಎಲ್ಲ ಅರ್ಜಿದಾರರಿಗೂ ಸಾಧ್ಯವಾದ ಕಡೆಯಲ್ಲೆಲ್ಲ ಅವಕಾಶ ಮಾಡಿಕೊಡುವುದು ಇಲಾಖೆಯ ಉದ್ದೇಶ ಎಂದು ಅದರಲ್ಲಿ ಬರೆದಿತ್ತು. ಈ ಪದಗಳಿಗೆ ಅಮೆರಿಕದ ವಾಕ್ ಸ್ವಾತಂತ್ರ್ಯದ ಕಾನೂನಿನಲ್ಲಿ ಖಚಿತವಾದ ಅರ್ಥವಿದೆ. ಸರ್ಕಾರ ಒಂದು ಜಾಗವನ್ನು ಸಾರ್ವಜನಿಕ ವೇದಿಕೆಯಾಗಿ ತೆರೆದರೆ, ಅಲ್ಲಿ ಮಾತನಾಡುವವನ ದೃಷ್ಟಿಕೋನ ತನಗೆ ಒಪ್ಪಿಗೆಯಿಲ್ಲವೆಂಬ ಕಾರಣಕ್ಕೆ ಅವನನ್ನು ಹೊರಗಿಡುವಂತಿಲ್ಲ. ನಗರದ ಯಾವುದೋ ಕಾಲದ ಗುಮಾಸ್ತರೊಬ್ಬರು ಸದುದ್ದೇಶದಿಂದ ಬರೆದಿರಬಹುದಾದ ಸಾಲು ನಗರದ ವಿರುದ್ಧವೇ ಸಾಕ್ಷಿಯಾಯಿತು.

ಇನ್ನೂ ಒಂದು ವಾದ ಅವರ ಬಳಿಯಿತ್ತು, ಅದು ಕೇಳಿದವರ ಮನಸ್ಸಿನಲ್ಲಿ ಉಳಿಯುವಂತಹದು. ಬಾಸ್ಟನ್ ನಗರದ ಸ್ವಂತ ಧ್ವಜದ ಮೇಲೆಯೇ ‘ದೇವರು ನಮ್ಮ ಪಿತೃಗಳೊಂದಿಗೆ ಇದ್ದಂತೆ ನಮ್ಮೊಂದಿಗೂ ಇರಲಿ’ ಎಂಬರ್ಥದ ಲ್ಯಾಟಿನ್ ಸಾಲಿದೆ. ಹಿಂದೆ ಏರಿಸಿದ ರಾಷ್ಟ್ರಧ್ವಜಗಳಲ್ಲೂ ಧಾರ್ಮಿಕ ಚಿಹ್ನೆಗಳಿದ್ದವು. ಹಾಗಿದ್ದಮೇಲೆ ತಡೆಗೆ ಕಾರಣವಾದದ್ದು ಬಟ್ಟೆಯ ಮೇಲಿನ ಶಿಲುಬೆಯಲ್ಲ, ಅರ್ಜಿದಾರ ಅದನ್ನು ಕ್ರೈಸ್ತ ಬಾವುಟವೆಂದು ಕರೆದದ್ದು ಎಂಬುದು ಅವರ ನಿಲುವು.

2021ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸಿತು. ಅಕ್ಟೋಬರಿನಲ್ಲಿ ಬಾಸ್ಟನ್ ಧ್ವಜಾರೋಹಣದ ಕಾರ್ಯಕ್ರಮವನ್ನೇ ನಿಲ್ಲಿಸಿತು. ಗಾಳಿ ಎತ್ತ ಬೀಸುತ್ತಿದೆಯೆಂದು ನಗರದ ವಕೀಲರಿಗೆ ಆಗಲೇ ತಿಳಿದಿರಬೇಕು. 2022ರ ಜನವರಿ 18ರಂದು ಸ್ಟೇವರ್ ವಾದಿಸಿದರು. ಡೆಮಾಕ್ರಟಿಕ್ ಪಕ್ಷದ ಬೈಡನ್ ಸರ್ಕಾರ ಅರ್ಜಿದಾರರನ್ನು ಬೆಂಬಲಿಸಿತು. ಹತ್ತು ಕಟ್ಟಳೆಗಳ ಮೊಕದ್ದಮೆಯಲ್ಲಿ ಸ್ಟೇವರ್ ಅವರನ್ನು ಸೋಲಿಸಿದ್ದ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಸ್ವಾತಂತ್ರ್ಯದ ಸಂಸ್ಥೆ ಕೂಡ ಇಲ್ಲಿ ಅವರ ಕಕ್ಷಿದಾರನ ಪರ ಅಮಿಕಸ್ ಹೇಳಿಕೆ, ಅಂದರೆ ಕಕ್ಷಿಯಲ್ಲದವರು ನ್ಯಾಯಾಲಯಕ್ಕೆ ಕೊಡುವ ಲಿಖಿತ ಅಭಿಪ್ರಾಯ, ಸಲ್ಲಿಸಿತು. ಇದು ವಿರೋಧಾಭಾಸವಲ್ಲ. 2005ರಲ್ಲಿ ಲಿಬರ್ಟಿ ಕೌನ್ಸೆಲ್ ನಿಂತದ್ದು ಗೋಡೆಯ ಮೇಲೆ ಧರ್ಮವಾಕ್ಯ ತೂಗುಹಾಕಿದ ಸರ್ಕಾರದ ಪಕ್ಕದಲ್ಲಿ. 2022ರಲ್ಲಿ ನಿಂತದ್ದು ಸರ್ಕಾರದಿಂದ ತಡೆಯಲ್ಪಟ್ಟ ಖಾಸಗಿ ವ್ಯಕ್ತಿಯ ಪಕ್ಕದಲ್ಲಿ. ಕಂಬದ ಮೇಲಿನ ಬಾವುಟ ಸರ್ಕಾರದ್ದಲ್ಲ ಎಂದು ತೋರಿಸಿದರೆ ಮಾತ್ರ ಗೆಲ್ಲಬಹುದೆಂದು ಸಂಸ್ಥೆಗೆ ಈಗ ಗೊತ್ತಿತ್ತು. ಆ ವಾದವನ್ನು ನಾಗರಿಕ ಸ್ವಾತಂತ್ರ್ಯದ ಪರವಾದವರು ಒಪ್ಪದಿರಲು ಕಾರಣವಿರಲಿಲ್ಲ.

ತೀರ್ಪು

ತೀರ್ಪು ಬರೆದವರು ಉದಾರವಾದಿ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್; ಅವರು ನಿವೃತ್ತರಾಗಲು ಎರಡು ತಿಂಗಳೂ ಉಳಿದಿರಲಿಲ್ಲ. ಒಂದು ಅಭಿವ್ಯಕ್ತಿ ಸರ್ಕಾರದ್ದೋ ಖಾಸಗಿಯವರದ್ದೋ ಎಂದು ತೀರ್ಮಾನಿಸಲು ಅವರು ಮೂರು ವಿಷಯಗಳನ್ನು ತೂಗಿ ನೋಡಿದರು. ಮೊದಲನೆಯದು ಇತಿಹಾಸ: ಧ್ವಜಗಳು ಎಂದಿನಿಂದಲೂ ಆಳುವವರ ಗುರುತು, ಆದ್ದರಿಂದ ಇದು ನಗರದ ಪರ. ಎರಡನೆಯದು ನೋಡುವವರ ಗ್ರಹಿಕೆ: ದಾರಿಹೋಕರು ಮೇಲೆ ಕಂಡ ಹೊಸ ಬಾವುಟವನ್ನು ನಗರದ್ದೆಂದೂ ಭಾವಿಸಬಹುದು, ಕೆಳಗೆ ಬಯಲಿನಲ್ಲಿ ಸಮಾರಂಭ ಮಾಡುತ್ತಿರುವ ಗುಂಪನ್ನು ಕಂಡು ಅವರದ್ದೆಂದೂ ಭಾವಿಸಬಹುದು, ಇಲ್ಲಿ ತಕ್ಕಡಿ ಯಾವ ಕಡೆಗೂ ವಾಲಲಿಲ್ಲ. ಮೂರನೆಯದು ನಿಯಂತ್ರಣ, ಪ್ರಕರಣ ತೀರ್ಮಾನವಾದದ್ದು ಇಲ್ಲಿ.

ಬ್ರೇಯರ್ ಇಲ್ಲಿ ಸಣ್ಣ ಸಣ್ಣ ವಿವರಗಳಿಗೆ ಇಳಿಯುತ್ತಾರೆ. ಸಮಾರಂಭದ ದಿನ, ಹೊತ್ತು, ಬಯಲಿನ ವ್ಯವಸ್ಥೆ ನಗರದ ಹಿಡಿತದಲ್ಲಿದ್ದವು. ಬಾವುಟ ಏರಿಸಲು ಬೇಕಾದ ಕೈತಿರುಗಣೆಯನ್ನು ನಗರವೇ ಒದಗಿಸುತ್ತಿತ್ತು. ಆದರೆ ಆ ತಿರುಗಣೆಯಿಂದ ಏನು ಮೇಲೇರುತ್ತದೆ ಎಂಬುದರಲ್ಲಿ ನಗರಕ್ಕೆ ಆಸಕ್ತಿಯಿರಲಿಲ್ಲ. ಸಮಾರಂಭಕ್ಕೆ ಮುಂಚೆ ಬಾವುಟವನ್ನು ನೋಡುವ ಪದ್ಧತಿಯೂ ಇರಲಿಲ್ಲ, ಯಾವುದಕ್ಕೆ ಅವಕಾಶವಿದೆ, ಯಾವುದಕ್ಕಿಲ್ಲ ಎಂದು ಲಿಖಿತ ನೀತಿಯೂ ಇರಲಿಲ್ಲ. ಇದಕ್ಕೆದುರಾಗಿ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ನಿಯಮವನ್ನು ಇಟ್ಟು ತೋರಿಸಿದರು. ನಗರದ ಧ್ವಜಸ್ತಂಭಗಳು ಸಾರ್ವಜನಿಕರ ಮುಕ್ತ ಅಭಿವ್ಯಕ್ತಿಗೆ ವೇದಿಕೆಯಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ, ಹಾರಿಸಬಹುದಾದ ಧ್ವಜಗಳ ಪಟ್ಟಿಯೂ ಇದೆ. ಬಾಸ್ಟನ್ ಹೀಗೇ ಬರೆದುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲವೆಂದು ತೀರ್ಪು ಹೇಳುತ್ತದೆ. ಹಾಗೆ ಮಾಡದಿದ್ದುದರಿಂದ ಮೂರನೆಯ ಕಂಬದ ಬಾವುಟಗಳು ಖಾಸಗಿಯವರ ಮಾತಾದವು. ಖಾಸಗಿ ಮಾತನ್ನು ಅದರ ಧಾರ್ಮಿಕ ದೃಷ್ಟಿಕೋನದ ಕಾರಣಕ್ಕೆ ತಡೆದದ್ದು ದೃಷ್ಟಿಕೋನದ ಆಧಾರದ ತಾರತಮ್ಯವಾಯಿತು.

ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕವಾಗಿ ಬರೆದ ಪುಟ್ಟ ಸಹಮತದಲ್ಲಿ, ಅಧಿಕಾರಿಯೊಬ್ಬರು ಸಂವಿಧಾನವನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದೇ ಈ ಇಡೀ ವಿವಾದಕ್ಕೆ ಮೂಲ ಎಂದರು. ಅಲಿಟೊ, ಥಾಮಸ್, ಗೋರ್ಸಚ್ ಫಲಿತಾಂಶವನ್ನು ಮಾತ್ರ ಒಪ್ಪಿ, ಬ್ರೇಯರ್ ಅನುಸರಿಸಿದ ದಾರಿಯನ್ನು ಒಪ್ಪಲಿಲ್ಲ. ಇವರಲ್ಲಿ ಗೋರ್ಸಚ್ ಬರೆದದ್ದು ಮುಖ್ಯ. ಧರ್ಮಕ್ಕೆ ಸರ್ಕಾರ ಒತ್ತಾಸೆ ಕೊಡುತ್ತಿದೆಯೇ ಎಂದು ಅಳೆಯಲು 1971ರ ಲೆಮನ್ ಪ್ರಕರಣ ಹಾಕಿಕೊಟ್ಟಿದ್ದ ಪರೀಕ್ಷೆಯೇ ಬಾಸ್ಟನ್ನಿನಂತಹ ನಗರಗಳನ್ನು ದಾರಿ ತಪ್ಪಿಸುತ್ತಿದೆಯೆಂದು ಅವರು ಕಟುವಾಗಿ ಟೀಕಿಸಿದರು. ಎರಡು ತಿಂಗಳೊಳಗೆ, ಜೂನ್ 27ರಂದು, ಫುಟ್‌ಬಾಲ್ ತರಬೇತುದಾರನ ಪ್ರಾರ್ಥನೆಯ ಕುರಿತ ಕೆನಡಿ ಪ್ರಕರಣದಲ್ಲಿ ಅದೇ ಗೋರ್ಸಚ್ ಆರು-ಮೂರರ ಬಹುಮತದ ತೀರ್ಪು ಬರೆದು ಆ ಪರೀಕ್ಷೆಯನ್ನು ಕೈಬಿಟ್ಟರು. ಆ ಮೊಕದ್ದಮೆ ನಡೆಸಿದ್ದು ಫಸ್ಟ್ ಲಿಬರ್ಟಿ ಇನ್‌ಸ್ಟಿಟ್ಯೂಟ್ ಎಂಬ ಇನ್ನೊಂದು ಕ್ರೈಸ್ತ ವಕೀಲ ಸಂಸ್ಥೆ. ಸರ್ವಾನುಮತದ ಸಣ್ಣ ಗೆಲುವಿನ ಪಕ್ಕದಲ್ಲಿ ಬರೆದ ಸಹಮತವೊಂದು ಮುಂದಿನ ದೊಡ್ಡ ಗೆಲುವಿಗೆ ನೆಲ ಹದಮಾಡಿದಂತಾಯಿತು. ಈ ಸಂಸ್ಥೆಗಳು ಒಂದು ಮೊಕದ್ದಮೆಯನ್ನು ಆರಿಸಿಕೊಳ್ಳುವಾಗ ಕಕ್ಷಿದಾರನ ಅಳಲಿನ ಜೊತೆಗೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕೆರಗೋಡಿನ ನೆನಪು

ಕನ್ನಡದ ಓದುಗರಿಗೆ ಇಲ್ಲಿ 2024ರ ಜನವರಿಯಲ್ಲಿ ಮಂಡ್ಯ ಜಿಲ್ಲೆಯ ಕೆರಗೋಡಿನಲ್ಲಿ ನಡೆದದ್ದು ನೆನಪಾಗದಿರದು. 108 ಅಡಿ ಎತ್ತರದ ಸ್ತಂಭದಲ್ಲಿ ಹನುಮಧ್ವಜ ಏರಿತು, ಅಧಿಕಾರಿಗಳು ಅದನ್ನಿಳಿಸಿ ರಾಷ್ಟ್ರಧ್ವಜ ಏರಿಸಿದರು, ಊರು ಪ್ರತಿಭಟನೆಗಿಳಿಯಿತು. ನಮ್ಮ ಸಂವಿಧಾನ ಬೇರೆ, ನಮ್ಮ ಧ್ವಜಸಂಹಿತೆ ಬೇರೆ, ಅಲ್ಲಿನ ತೀರ್ಪು ಇಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ಅಲ್ಲಿಯೂ ವಾದದ ನಡುವೆ ಇದ್ದದ್ದು ಒಂದು ಕಾಗದ: ರಾಷ್ಟ್ರಧ್ವಜ ಮತ್ತು ಕನ್ನಡ ಧ್ವಜಕ್ಕಷ್ಟೇ ಗ್ರಾಮ ಪಂಚಾಯಿತಿಯ ಅನುಮತಿಯಿತ್ತೆಂದು ಸರ್ಕಾರ ಹೇಳಿತು. ಷರತ್ತು ಇದ್ದಲ್ಲಿ ಅದನ್ನು ಪಾಲಿಸಲಾಯಿತೇ ಎಂಬುದು ಪ್ರಶ್ನೆಯಾಗುತ್ತದೆ. ಷರತ್ತೇ ಇಲ್ಲದ ಬಾಸ್ಟನ್ನಿನಲ್ಲಿ ನಿರಾಕರಿಸುವ ಅಧಿಕಾರ ಎಲ್ಲಿಂದ ಬಂತು ಎಂಬುದೇ ಪ್ರಶ್ನೆಯಾಯಿತು.

ತೀರ್ಪಿನ ನಂತರ

ತೀರ್ಪು ಹೊರಬಿದ್ದ ಕೂಡಲೇ ಬಾಸ್ಟನ್ನಿಗೆ ಸಮೀಪದ ಸೇಲಂ ಪಟ್ಟಣದ ಸಟಾನಿಕ್ ಟೆಂಪಲ್ ಎಂಬ, ಸೈತಾನನ ಹೆಸರಿಟ್ಟುಕೊಂಡ ಸಂಘಟನೆ ತನ್ನ ಬಾವುಟವನ್ನೂ ಏರಿಸಲು ಅನುಮತಿ ಕೋರಿತು. ವೇದಿಕೆ ಎಲ್ಲರಿಗೂ ತೆರೆದಿದೆಯೆಂದಾದರೆ ತಮಗೂ ತೆರೆದಿರಬೇಕೆಂಬುದು ಅವರ ತರ್ಕ, ತೀರ್ಪಿನ ಮಟ್ಟಿಗೆ ಅದು ಸರಿಯಾದ ತರ್ಕವೇ. ಕಾರ್ಯಕ್ರಮವನ್ನು ನಗರ ಅಷ್ಟರಲ್ಲಾಗಲೇ ನಿಲ್ಲಿಸಿಯಾಗಿತ್ತು.

2022ರ ಆಗಸ್ಟ್ 3ರಂದು ಶರ್ಟ್‌ಲೆಫ್ ಮತ್ತು ಅವರ ಬೆಂಬಲಿಗರು ಸಿಟಿ ಹಾಲ್ ಬಯಲಿನಲ್ಲಿ ಸೇರಿ ಕ್ರೈಸ್ತ ಬಾವುಟ ಏರಿಸಿದರು. ಅರ್ಜಿ ಹಾಕಿ ಐದು ವರ್ಷ ಕಳೆದಿತ್ತು. ಅದೇ ತಿಂಗಳು ನಗರ ಹೊಸ ಕಟ್ಟಳೆ ಮಾಡಿತು: ಇನ್ನು ಮುಂದೆ ನಗರ ಪರಿಷತ್ತಿನ ಠರಾವು ಅಥವಾ ಮೇಯರ್ ಘೋಷಣೆಯ ಬೆಂಬಲವಿದ್ದ ಬಾವುಟ ಮಾತ್ರ ಮೂರನೆಯ ಕಂಬವೇರುತ್ತದೆ, ಅದು ನಗರದ ಮಾತೆಂದೇ ಪರಿಗಣಿತವಾಗುತ್ತದೆ. ಸ್ಯಾನ್ ಹೊಸೆಯ ದಾರಿಯನ್ನು ಬಾಸ್ಟನ್ ತನ್ನದೇ ರೀತಿಯಲ್ಲಿ ಹಿಡಿಯಿತು. ಹೀಗಾಗಿ ಸುಪ್ರೀಂ ಕೋರ್ಟ್ ಶರ್ಟ್‌ಲೆಫ್ ಅವರಿಗೆ ತೆರೆದ ಬಾಗಿಲು ಅವರ ಹಿಂದೆಯೇ ಮುಚ್ಚಿತು. ಅದು ಅವರಿಗಷ್ಟೇ ಮುಚ್ಚಿದ್ದಲ್ಲ.

ನನಗೆ ನೋವಿನ ಸಂಗತಿಯಾಗಿ ಕಾಣುವುದು ಇದು. ಹಳೆಯ ವ್ಯವಸ್ಥೆಯಲ್ಲಿ ಒಂದು ಸಣ್ಣ ವಲಸಿಗ ಸಂಘ ಒಂದು ನಮೂನೆ ತುಂಬಿ ಕೊಟ್ಟರೆ ಸಾಕಿತ್ತು. ಅವರ ನಾಡಿನ ರಾಜಕೀಯದ ಬಗ್ಗೆ ನಗರಕ್ಕೆ ಅಭಿಪ್ರಾಯವಿರಬೇಕಾಗಿರಲಿಲ್ಲ. ಈಗ ಪ್ರತಿ ಬಾವುಟದ ಹಿಂದೆಯೂ ನಗರ ತಾನೇ ನಿಲ್ಲಬೇಕು, ಅದಕ್ಕಾಗಿ ಪರಿಷತ್ತಿನ ಸದಸ್ಯರೊಬ್ಬರನ್ನೋ ಮೇಯರನ್ನೋ ಒಪ್ಪಿಸಬೇಕು. ಸಂಖ್ಯಾಬಲವೂ ಮತಬಲವೂ ಇರುವ ಸಮುದಾಯಕ್ಕೆ ಇದು ಕಷ್ಟವಲ್ಲ. ಮೊನ್ನೆ ಮೊನ್ನೆ ಬಂದು ನೆಲೆಸಿದ, ಯಾವ ಕೌನ್ಸಿಲರ್ ಪರಿಚಯವೂ ಇಲ್ಲದ ನೂರು ಮನೆಗಳ ಸಮುದಾಯಕ್ಕೆ ಕಷ್ಟ. ಹಾಗೆಂದು ನಗರಕ್ಕೆ ಬೇರೆ ದಾರಿಯಿತ್ತೆಂದೂ ಹೇಳಲಾರೆ. ಎಲ್ಲರಿಗೂ ತೆರೆದಿಟ್ಟರೆ ಜನಾಂಗದ್ವೇಷದ ಗುಂಪುಗಳ ಬಾವುಟಗಳಿಗೂ ಸಿಟಿ ಹಾಲ್ ಎದುರು ಜಾಗ ಕೊಡಬೇಕಾಗುತ್ತಿತ್ತು. ಯಾವ ಚುನಾಯಿತ ನಗರಾಡಳಿತವೂ ಅದಕ್ಕೆ ಒಪ್ಪಲಾರದು. ಇದರ ಹೊಣೆಯನ್ನು ಲಿಬರ್ಟಿ ಕೌನ್ಸೆಲ್ ಮೇಲೆ ಹೊರಿಸುವುದು ನ್ಯಾಯವಲ್ಲ: ಅನ್ಯಾಯವಾದ ಕಕ್ಷಿದಾರನಿಗೆ ಅದು ನ್ಯಾಯ ದೊರಕಿಸಿತು. 2005ರಲ್ಲೇ ಒಂದು ಪುಟದ ನೀತಿ ಬರೆದಿಟ್ಟು, ಯಾವ ದೇಶಗಳ, ಯಾವ ದಿನಗಳ ಬಾವುಟಗಳನ್ನು ತಾನು ಗೌರವಿಸುತ್ತೇನೆಂದು ನಗರ ಹೇಳಿದ್ದಿದ್ದರೆ ಆ ಸಂಪ್ರದಾಯ ಇಂದಿಗೂ ಉಳಿದಿರುತ್ತಿತ್ತು.

ನವೆಂಬರಿನಲ್ಲಿ ಲೆಕ್ಕ ಚುಕ್ತಾ ಆಯಿತು. 1976ರ ಕಾಯಿದೆಯಡಿ ಲಿಬರ್ಟಿ ಕೌನ್ಸೆಲಿನ ಫೀಸು ಮತ್ತು ವೆಚ್ಚವಾಗಿ 21,25,000 ಡಾಲರ್ ತೆರಲು ಬಾಸ್ಟನ್ ಒಪ್ಪಿತು. ಕೆಲ ಹೊತ್ತಿನ ಧ್ವಜಾರೋಹಣವೊಂದರ ನಿರಾಕರಣೆಗೆ ತೆರಿಗೆದಾರರು ತೆತ್ತ ಬೆಲೆ ಅದು, ಸಂಸ್ಥೆಗೆ ಮುಂದಿನ ಮೊಕದ್ದಮೆಗಳ ಬಂಡವಾಳವೂ ಹೌದು. ಆ ಮುಂದಿನ ಮೊಕದ್ದಮೆಗಳಲ್ಲಿ ಒಂದರ ಗತಿ ಬಾಸ್ಟನ್ನಿನದಕ್ಕಿಂತ ಪೂರ್ತಿ ಭಿನ್ನವಾಯಿತು. ಕಿಮ್ ಡೇವಿಸ್ ಪರವಾಗಿ, ಸಲಿಂಗ ವಿವಾಹಕ್ಕೆ ದೇಶದಾದ್ಯಂತ ಮಾನ್ಯತೆ ಕೊಟ್ಟ 2015ರ ತೀರ್ಪನ್ನೇ ಬುಡಮೇಲು ಮಾಡಬೇಕೆಂದು ಸಂಸ್ಥೆ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಆ ಮೊಕದ್ದಮೆಯಲ್ಲಿ ಸರ್ಕಾರಿ ಮೇಜಿನ ಹಿಂದೆ ಕುಳಿತಿದ್ದವರು ಸಂಸ್ಥೆಯ ಕಕ್ಷಿದಾರರೇ.